ಓದುಗರ ಪ್ರಶ್ನೆ, ನಮ್ಮ ಉತ್ತರ: ಆಮ್ಲದಲ್ಲಿ ಲೋಹ ಕರಗುವ ವೇಗ

ಕಳೆದ ಸಂಚಿಕೆಯಲ್ಲಿ ಶಾಲೆಯ ಪ್ರಯೋಗಾಲಯದಲ್ಲಿ ಹೈಡ್ರೋಜನ್ ತಯಾರಿಸುವ ಬಗ್ಗೆ ಒಂದು ಸಣ್ಣ ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಉಡುಪಿ ಮತ್ತು ಮಂಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂದೇಹದ ಸುತ್ತ ತಿರುಗುತ್ತಿದ್ದವು: ಆಮ್ಲವು ಒಂದು ಲೋಹವನ್ನು ನೋಡನೋಡುತ್ತಿದ್ದಂತೆ ಕರಗಿಸುತ್ತದೆ, ಇನ್ನೊಂದನ್ನು ವರ್ಷಗಟ್ಟಲೆ ಹಾಗೆಯೇ ಬಿಡುತ್ತದೆ, ಕೆಲವೊಮ್ಮೆ ಅದೇ ಲೋಹದ ಜೊತೆಗೇ ಬೇರೆ ಬೇರೆ ದಿನ ಬೇರೆ ಬೇರೆ ರೀತಿ ವರ್ತಿಸುತ್ತದೆ, ಇದೇಕೆ? ಈ ಸಲ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ; ಉಳಿದವುಗಳಿಗೆ ಬೇಕಾದ ವಿಚಾರಗಳು ಅದರಲ್ಲಿಯೇ ಇರುವುದರಿಂದ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ಮೆಗ್ನೀಷಿಯಂ ಪಟ್ಟಿಯನ್ನು ಸಾರರಿಕ್ತ (ನೀರು ಬೆರೆಸಿ ತೆಳುಮಾಡಿದ) ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ ಅದು ಪೂರ್ತಿ ಕರಗಲು ಎಷ್ಟು ಹೊತ್ತು ಬೇಕೆಂದು ಮಕ್ಕಳಿಂದ ಅಳತೆ ಮಾಡಿಸುತ್ತೇನೆ. ಜನವರಿಯಲ್ಲಿ ಮಾಡಿಸಿದಾಗ ಪಟ್ಟಿ ಒಂದು ನಿಮಿಷದೊಳಗೆ ಕರಗಿತ್ತು. ಅದೇ ಸುರುಳಿಯ ಪಟ್ಟಿಯನ್ನು ಜುಲೈಯಲ್ಲಿ ಹಾಕಿದರೆ ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ, ಆಮೇಲೆ ಒಮ್ಮೆಲೇ ನೊರೆ ಎದ್ದಿತು. ಅದಲ್ಲದೆ ಒಂದೇ ದಿನ ಒಂದೇ ಬಾಟಲಿಯ ಆಮ್ಲ ಬಳಸಿದ ಆರು ಗುಂಪುಗಳಿಗೆ ಆರು ಬಗೆಯ ಉತ್ತರ ಬಂದಿತು. ತಪ್ಪು ಎಲ್ಲಿದೆ?
— ವಿಜ್ಞಾನ ಶಿಕ್ಷಕಿ, ಬ್ರಹ್ಮಾವರ

ಉತ್ತರ: ಮಕ್ಕಳು ತಪ್ಪು ಅಳತೆ ಮಾಡಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆರು ಗುಂಪುಗಳು ಮಾಡಿದ್ದು ಒಂದೇ ಪ್ರಯೋಗ ಎಂದು ನಾವು ಭಾವಿಸಿದ್ದೇವೆ, ಅಷ್ಟೇ. ನಿಜವಾಗಿ ಅವು ಆರು ಬೇರೆ ಪ್ರಯೋಗಗಳು.

ಎರಡು ದ್ರಾವಣಗಳನ್ನು ಬೆರೆಸಿದಾಗ ಕ್ರಿಯೆ ಪಾತ್ರೆಯ ತುಂಬಾ ನಡೆಯುತ್ತದೆ. ಆಮ್ಲಕ್ಕೆ ಲೋಹ ಹಾಕಿದಾಗ ಹಾಗಲ್ಲ. ಎಲ್ಲವೂ ಲೋಹದ ಮೈಮೇಲೆ, ಅದು ದ್ರವವನ್ನು ಮುಟ್ಟುವ ತೆಳ್ಳನೆಯ ಪದರದಲ್ಲಿ ನಡೆಯಬೇಕು. ಅಲ್ಲಿಗೆ ಆಮ್ಲದ ಹೈಡ್ರೋಜನ್ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ಬಂದು ಸೇರಬೇಕು; ಲೋಹದ ಮೈ ಬತ್ತಲೆಯಾಗಿರಬೇಕು; ಲೋಹದ ಪರಮಾಣು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯಬೇಕು; ಹುಟ್ಟಿದ ಅನಿಲದ ಗುಳ್ಳೆ ಮತ್ತು ಲವಣ ಎರಡೂ ಅಲ್ಲಿಂದ ಸರಿದು ಮುಂದಿನವರಿಗೆ ಜಾಗ ಬಿಡಬೇಕು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಪಠ್ಯಪುಸ್ತಕಗಳು ಲೋಹದ ಸ್ವಭಾವ, ಆಮ್ಲದ ಸಾರತೆ, ತಾಪ, ಮೇಲ್ಮೈ ಎಂದು ನಾಲ್ಕು ಅಂಶಗಳನ್ನು ಒಂದರ ಕೆಳಗೊಂದು ಬರೆಯುತ್ತವೆ. ಅದು ತಪ್ಪಲ್ಲ, ಆದರೆ ಈ ನಾಲ್ಕೂ ಒಂದೇ ಜಾಗದ ಕಥೆ ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ ಎಂಬ ಅಸಮಾಧಾನ ನನಗಿದೆ.

ಜುಲೈಯ ಆ ಅರ್ಧ ನಿಮಿಷಕ್ಕೆ ಕಾರಣ ಪಟ್ಟಿಯ ಮೈ. ಮೆಗ್ನೀಷಿಯಂ ಗಾಳಿಗೆ ತೆರೆದಿಟ್ಟರೆ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಹೈಡ್ರಾಕ್ಸೈಡ್ ಮತ್ತು ಕಾರ್ಬೋನೇಟ್ ಸೇರಿಕೊಂಡ ಬೂದುಬಣ್ಣದ ದಪ್ಪ ಪದರವಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಪುಸ್ತಕಕ್ಕೇ ಬೂಷ್ಟು ಹಿಡಿಯುವಾಗ ಮುಚ್ಚಳ ಸಡಿಲವಾದ ಡಬ್ಬಿಯಲ್ಲಿರುವ ಪಟ್ಟಿ ಹೊಳಪು ಉಳಿಸಿಕೊಳ್ಳುವುದು ಹೇಗೆ? ಆಮ್ಲ ಮೊದಲು ಈ ಪದರವನ್ನು ಕರಗಿಸುತ್ತದೆ, ಆ ಹಂತದಲ್ಲಿ ಹೈಡ್ರೋಜನ್ ಹೊರಡುವುದಿಲ್ಲ. ಆದ್ದರಿಂದಲೇ ನಿಮಗೆ ಏನೂ ಆಗುತ್ತಿಲ್ಲವೆಂದು ಕಂಡದ್ದು. ಪ್ರಯೋಗಕ್ಕೆ ಸ್ವಲ್ಪ ಮುಂಚೆ ಪಟ್ಟಿಯನ್ನು ಮರಳುಕಾಗದದಿಂದ ಎರಡೂ ಬದಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿಸಿ; ಜನವರಿಗೂ ಜುಲೈಗೂ ಇರುವ ಅಂತರದ ಬಹುಪಾಲು ಮಾಯವಾಗುತ್ತದೆ.

ತಾಪ ಕಾರಣವಲ್ಲವೇ ಎಂದು ನೀವು ಕೇಳಬಹುದು. ತಾಪ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮ ಎಲ್ಲರಿಗೂ ಗೊತ್ತು, ಮತ್ತು ತಾಪಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1889ರಲ್ಲಿ ಸಮೀಕರಣವಾಗಿಯೇ ಬರೆದಿಟ್ಟಿದ್ದಾನೆ. ಆದರೆ ನಮ್ಮೂರಿನಲ್ಲಿ ಜನವರಿಯ ಮಧ್ಯಾಹ್ನಕ್ಕೂ ಜುಲೈಯ ಮಧ್ಯಾಹ್ನಕ್ಕೂ ಇರುವುದು ನಾಲ್ಕೈದು ಡಿಗ್ರಿಗಳ ವ್ಯತ್ಯಾಸ. ಅದಲ್ಲದೆ ಮೆಗ್ನೀಷಿಯಂನ ವಿಷಯದಲ್ಲಿ ಇಮ್ಮಡಿಯ ನಿಯಮವೇ ಸರಿಯಾಗಿ ಹೊಂದುವುದಿಲ್ಲ. ಅದರ ಬತ್ತಲೆ ಮೈಯಲ್ಲಿ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ ಎಷ್ಟು ಬೇಗ ಮುಗಿಯುತ್ತದೆಂದರೆ, ಅಯಾನುಗಳು ದ್ರವದ ಮೂಲಕ ನುಸುಳಿ ಅಲ್ಲಿಗೆ ತಲುಪುವುದೇ ನಿಧಾನದ ಹಂತವಾಗುತ್ತದೆ. ಹೀಗೆ ನುಸುಳುವ ವೇಗ 10 ಡಿಗ್ರಿಗೆ ಸುಮಾರು ಕಾಲುಭಾಗದಷ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದಲೇ ಮೆಗ್ನೀಷಿಯಂ ಪ್ರಯೋಗದಲ್ಲಿ ತಾಪಕ್ಕಿಂತ ಕಲಕುವುದೇ ಹೆಚ್ಚು ಪರಿಣಾಮ ಬೀರಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಆರು ಗುಂಪುಗಳ ಸಂಗತಿ. ಕೆಲವರು ಪ್ರನಾಳದಲ್ಲಿಯೂ ಕೆಲವರು ಬೀಕರಿನಲ್ಲಿಯೂ ಮಾಡಿರಬೇಕು ಎಂಬುದು ನನ್ನ ಊಹೆ. ಅಲ್ಲಿಗೆ ಲೆಕ್ಕವೇ ಬದಲಾಗುತ್ತದೆ. 0.1 ಗ್ರಾಂ ಮೆಗ್ನೀಷಿಯಂ ಕರಗಲು 0.0082 ಮೋಲ್ (ಮೋಲ್ ಎಂದರೆ ಕಣಗಳ ಎಣಿಕೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಲೀಟರಿಗೆ ಒಂದು ಮೋಲ್ ಸಾರತೆಯ ಆಮ್ಲವನ್ನು ಪ್ರನಾಳಕ್ಕೆ 10 ಮಿಲಿಲೀಟರ್ ಹಾಕಿದರೆ ಅದರಲ್ಲಿರುವುದೇ 0.01 ಮೋಲ್. ಅಂದರೆ ಪಟ್ಟಿ ಮುಗಿಯುವ ಹೊತ್ತಿಗೆ ಆಮ್ಲದ ಐದರಲ್ಲಿ ನಾಲ್ಕು ಪಾಲು ಖರ್ಚಾಗಿ, ಕೊನೆಯ ಚೂರು ಬಹಳ ತೆಳುವಾದ ಆಮ್ಲದಲ್ಲಿ ಒದ್ದಾಡುತ್ತಿರುತ್ತದೆ. ಬೀಕರಿನಲ್ಲಿ ಅದೇ ಆಮ್ಲ 50 ಮಿಲಿಲೀಟರ್ ಇದ್ದರೆ ಆರರಲ್ಲಿ ಒಂದು ಪಾಲಷ್ಟೇ ಖರ್ಚು. ಶಾಖದ ಲೆಕ್ಕವೂ ಹೀಗೆಯೇ. ಒಂದು ಮೋಲ್ ಮೆಗ್ನೀಷಿಯಂ ಆಮ್ಲದಲ್ಲಿ ಕರಗಿದರೆ ಸುಮಾರು 467 ಕಿಲೋಜೂಲ್ ಶಾಖ ಹೊರಬರುತ್ತದೆ. 0.1 ಗ್ರಾಮಿನಿಂದ ಬರುವ ಶಾಖ 50 ಮಿಲಿಲೀಟರ್ ದ್ರವವನ್ನು ಸುಮಾರು 9 ಡಿಗ್ರಿ ಬಿಸಿ ಮಾಡಿದರೆ, 10 ಮಿಲಿಲೀಟರನ್ನು, ಹೊರಗೆ ಸೋರಿಹೋಗದಿದ್ದರೆ, 45 ಡಿಗ್ರಿಯಷ್ಟು ಏರಿಸಬಲ್ಲದು. ಪ್ರನಾಳ ಹಿಡಿದ ಮಗುವಿನ ಬೆರಳಿಗೆ ಅದು ತಿಳಿದಿರುತ್ತದೆ, ಆದರೆ ಯಾರೂ ಪುಸ್ತಕದಲ್ಲಿ ಬರೆದುಕೊಂಡಿರುವುದಿಲ್ಲ. ಒಂದೇ ಪ್ರನಾಳದಲ್ಲಿ ಸಾರತೆ ಇಳಿಯುತ್ತಾ ತಾಪ ಏರುತ್ತಾ ಹೋಗುವಾಗ ‘ಸಾರತೆಯ ಪರಿಣಾಮ’ ಎಂದು ನಾವು ಅಳೆದದ್ದು ಏನನ್ನು?

ಗುಳ್ಳೆಗಳನ್ನೂ ಮರೆಯಬಾರದು. ಹಗುರವಾದ ಪಟ್ಟಿಗೆ ಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತವೆ. ಅರ್ಧ ಮೈ ದ್ರವದ ಹೊರಗೆ ತೇಲುತ್ತದೆ. ಪಟ್ಟಿಯನ್ನು ಗಾಜಿನ ಕಡ್ಡಿಯ ತುದಿಗೆ ಸುತ್ತಿ ಅಡಿಯಲ್ಲಿ ಹಿಡಿದು ಒಂದೇ ಹದದಲ್ಲಿ ಕಲಕಿದರೆ ಈ ತೊಂದರೆಯಿಲ್ಲ. ಬಾಟಲಿಯ ಮುಚ್ಚಳವನ್ನೂ ನೋಡಿ: ಸಾರಯುಕ್ತ ಹೈಡ್ರೋಕ್ಲೋರಿಕ್ ಆಮ್ಲ ಸದಾ ಹೊಗೆಯಾಡುತ್ತಾ ತನ್ನ ಸಾರ ಕಳೆದುಕೊಳ್ಳುವುದರಿಂದ, ಹಳೆಯ ಬಾಟಲಿಯಿಂದ ಅಳೆದು ಮಾಡಿದ ದ್ರಾವಣ ಚೀಟಿಯಲ್ಲಿ ಬರೆದಷ್ಟು ಸಾರದ್ದಾಗಿರಲಾರದು.

ನನ್ನನ್ನು ಕೇಳಿದರೆ ‘ಪೂರ್ತಿ ಕರಗಲು ಬೇಕಾದ ಸಮಯ’ವನ್ನು ಬಿಟ್ಟು, ಮೊದಲ ಅರ್ಧ ನಿಮಿಷದಲ್ಲಿ ಎಷ್ಟು ಅನಿಲ ಬಂದಿತೆಂದು ನೀರು ತುಂಬಿ ಬೋರಲು ಹಾಕಿದ ಅಳತೆ ಜಾಡಿಯಲ್ಲಿ ನೋಡುವುದು ಉತ್ತಮ. ಆಗ ಆಮ್ಲವೂ ಹೆಚ್ಚು ಖರ್ಚಾಗಿರುವುದಿಲ್ಲ, ಶಾಖವೂ ಏರಿರುವುದಿಲ್ಲ. ಸತುವಿನ ಚೂರಿಗಿಂತ ಮೆಗ್ನೀಷಿಯಂ ಪಟ್ಟಿಯನ್ನು ಆರಿಸಿಕೊಂಡದ್ದು ಮಾತ್ರ ಬಹಳ ಸರಿ: ಉರುಟಾದ ಚೂರು ಕರಗುತ್ತಾ ಅದರ ಮೇಲ್ಮೈ ಕುಗ್ಗುತ್ತದೆ, ಚಪ್ಪಟೆ ಪಟ್ಟಿಯ ದಪ್ಪ ಕಡಿಮೆಯಾದರೂ ಮೇಲ್ಮೈ ಕೊನೆಯವರೆಗೆ ಹೆಚ್ಚು ಬದಲಾಗುವುದಿಲ್ಲ. ಮೇಲ್ಮೈಯ ಮಹತ್ವ ತೋರಿಸಲೆಂದು ಮೆಗ್ನೀಷಿಯಂ ಪುಡಿಯನ್ನು ಮಾತ್ರ ಬಳಸಬೇಡಿ. ಒಂದು ಸೆಂಟಿಮೀಟರ್ ಘನವನ್ನು ಒಂದು ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ ಮೇಲ್ಮೈ 6 ಚದರ ಸೆಂಟಿಮೀಟರಿನಿಂದ 60ಕ್ಕೆ ಏರುತ್ತದೆಂಬ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿದರೆ ಸಾಕು.

ಪ್ರಶ್ನೆ: ಶುದ್ಧ ಸತುವಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಗುಳ್ಳೆಗಳು ಬಹಳ ನಿಧಾನವಾಗಿ ಬಂದವು. ನಮ್ಮ ಉಪನ್ಯಾಸಕರು ಎರಡು ಹನಿ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಹಾಕಿದೊಡನೆ ವೇಗ ಹೆಚ್ಚಿತು. ಹಾಗಾದರೆ ಮೈಲುತುತ್ತ ಕ್ರಿಯಾವರ್ಧಕವೇ?
— ಪಿಯುಸಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ನಿಮ್ಮ ಮನೆಯವರಿಗೆ ಅಡಿಕೆ ತೋಟವಿದ್ದರೆ ಅರ್ಧ ಉತ್ತರ ಮನೆಯಲ್ಲಿಯೇ ಸಿಗುತ್ತದೆ. ಕೊಳೆರೋಗಕ್ಕೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಅದರಲ್ಲಿ ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡುವ ಕ್ರಮವಿದೆ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರ. ಮೈಲುತುತ್ತದಲ್ಲಿರುವ ತಾಮ್ರವನ್ನು ಕಬ್ಬಿಣ ಹೊರದೂಡಿ ತಾನು ದ್ರಾವಣಕ್ಕೆ ಇಳಿದಿರುತ್ತದೆ. ನಿಮ್ಮ ಬೀಕರಿನಲ್ಲಿ ಆ ಕೆಲಸವನ್ನು ಸತು ಮಾಡಿತು, ಅದರ ಮೈಮೇಲೆ ಅಲ್ಲಲ್ಲಿ ತಾಮ್ರದ ಚುಕ್ಕಿಗಳು ಕುಳಿತವು.

ಸತುವಿನ ಮೇಲೆ ಹೈಡ್ರೋಜನ್ ಅಯಾನುಗಳು ಎಲೆಕ್ಟ್ರಾನ್ ಪಡೆದು ಅನಿಲವಾಗುವುದು ಬಹಳ ಕಷ್ಟದ ಕೆಲಸ. ತಾಮ್ರದ ಮೇಲೆ ಅದು ಸುಲಭ. ಚುಕ್ಕಿಗಳು ಕುಳಿತ ಮೇಲೆ ಸತು ಕರಗುವುದು ಒಂದು ಕಡೆ, ಅದು ಬಿಟ್ಟ ಎಲೆಕ್ಟ್ರಾನುಗಳು ಲೋಹದೊಳಗೆ ಹರಿದು ತಾಮ್ರದ ಬಳಿ ಅನಿಲ ಹೊರಡಿಸುವುದು ಇನ್ನೊಂದು ಕಡೆ. ಕಣ್ಣಿಗೆ ಕಾಣದ ಸಾವಿರಾರು ಪುಟ್ಟ ವಿದ್ಯುತ್ಕೋಶಗಳು ಸತುವಿನ ಮೈಮೇಲೆ ಕೆಲಸ ಮಾಡುತ್ತಿವೆ ಎನ್ನಬಹುದು. ಅಂಗಡಿಯಲ್ಲಿ ಸಿಗುವ ಅಶುದ್ಧ ಸತು ಶುದ್ಧ ಸತುವಿಗಿಂತ ಬೇಗ ಕರಗುವುದಕ್ಕೆ ಅದರೊಳಗಿನ ಬೇರೆ ಲೋಹಗಳ ಕಣಗಳೇ ಕಾರಣವೆಂದು ಜಿನೀವಾದ ವಿಜ್ಞಾನಿ ಆಗಸ್ಟ್ ದ ಲಾ ರೀವ್ 1830ರಲ್ಲಿಯೇ ಹೀಗೆ ವಿವರಿಸಿದ್ದ.

ಮೈಲುತುತ್ತ ಈ ಕ್ರಿಯೆಯಲ್ಲಿ ಖರ್ಚಾಗಿ ಹೋಗುವುದರಿಂದ ಅದನ್ನು ಕ್ರಿಯಾವರ್ಧಕ ಎನ್ನಲಾಗದು. ಬದಲಾಗದೆ ಉಳಿದು ಕೆಲಸ ಮಾಡುವುದು ಅದರಿಂದ ಹುಟ್ಟಿದ ತಾಮ್ರ. ಪರೀಕ್ಷೆಯಲ್ಲಿ ಈ ಭೇದವನ್ನು ಬರೆದರೆ ಅಂಕ ಕಡಿಮೆಯಾಗಲಾರದು. ಎರಡು ಹನಿ ಒಳ್ಳೆಯದಾದರೆ ಇಪ್ಪತ್ತು ಹನಿ ಇನ್ನೂ ಒಳ್ಳೆಯದೆಂದು ಭಾವಿಸಬೇಡಿ: ತಾಮ್ರ ಸತುವಿನ ಇಡೀ ಮೈಯನ್ನು ಮುಚ್ಚಿದರೆ ಸತುವಿಗೆ ಆಮ್ಲ ಮುಟ್ಟಲು ಜಾಗವಿಲ್ಲದೆ ವೇಗ ಮತ್ತೆ ಇಳಿಯುತ್ತದೆ.

ಪ್ರಶ್ನೆ: ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆ್ಯಸಿಡನ್ನು ನೀರಿನಲ್ಲಿ ಬೆರೆಸಿ ಸತು ಲೇಪನದ ತಗಡಿನ ಬಕೆಟಿನಲ್ಲಿ ಇಡುತ್ತಿದ್ದೆವು. ಒಂದೇ ಹಂಗಾಮಿನಲ್ಲಿ ಬಕೆಟು ತೂತಾಯಿತು. ಅದೇ ಆ್ಯಸಿಡ್ ಬೀಳುವ ಅಲ್ಯುಮಿನಿಯಂ ಡಿಶ್‌ಗಳು ಹತ್ತು ವರ್ಷದಿಂದ ಹಾಗೆಯೇ ಇವೆ. ಅಲ್ಯುಮಿನಿಯಂ ಸತುವಿಗಿಂತ ಹೆಚ್ಚು ಕ್ರಿಯಾಶೀಲ ಎಂದು ಮಗನ ಪುಸ್ತಕದಲ್ಲಿದೆ. ಯಾವುದನ್ನು ನಂಬಬೇಕು?
— ಕೃಷಿಕ, ಕಾರ್ಕಳ

ಉತ್ತರ: ಎರಡನ್ನೂ ನಂಬಿ. ಕ್ರಿಯಾಶೀಲತೆಯ ಸರಣಿ ಹೇಳುವುದು ಲೋಹಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವ ಒಲವು ಎಷ್ಟಿದೆ ಎಂಬುದನ್ನು. ಆ ಒಲವು ಎಷ್ಟು ಬೇಗ ಕೈಗೂಡುತ್ತದೆ ಎಂಬುದನ್ನಲ್ಲ. ಅಲ್ಯುಮಿನಿಯಂನ ಮೇಲೆ ಗಾಳಿಯಿಂದಲೇ ಉಂಟಾಗುವ ಆಕ್ಸೈಡಿನ ಪೊರೆ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ತೆಳು, ಆದರೆ ಎಲ್ಲಿಯೂ ಬಿರುಕಿಲ್ಲದ ಗಟ್ಟಿ ಪೊರೆ. ಗೀರು ಬಿದ್ದರೂ ಆ ಕ್ಷಣವೇ ಮತ್ತೆ ಕಟ್ಟಿಕೊಳ್ಳುತ್ತದೆ. ದ್ರವದ ಪಿಎಚ್ (ಆಮ್ಲೀಯತೆಯ ಅಳತೆ; ಅಂಕೆ ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಸುಮಾರು 4ರಿಂದ 8.5ರ ನಡುವೆ ಇರುವಷ್ಟು ಕಾಲ ಈ ಪೊರೆ ಕರಗುವುದಿಲ್ಲ.

ಇಲ್ಲಿ ನೀವು ಗಮನಿಸದೇ ಇರುವ ಒಂದು ಅಂಶವಿದೆ. ಬಕೆಟಿಗೂ ಡಿಶ್‌ಗೂ ಸಿಗುವ ಆಮ್ಲ ಒಂದೇ ಅಲ್ಲ. ಶೇಕಡಾ ಒಂದರಷ್ಟು ಫಾರ್ಮಿಕ್ ಆಮ್ಲವಿರುವ ನೀರಿನ ಪಿಎಚ್ 2ರ ಸಮೀಪದಲ್ಲಿರುತ್ತದೆ, ಅದು ಬಕೆಟಿನಲ್ಲಿ ದಿನವಿಡೀ ಕುಳಿತಿರುತ್ತದೆ. ರಬ್ಬರ್ ಹಾಲಿಗೆ ಸೇರಿದ ಮೇಲೆ ಪಿಎಚ್ 5ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಹಾಲು ಹೆಪ್ಪುಗಟ್ಟುವುದೂ ಅಲ್ಲಿಯೇ. ಮರುದಿನ ಶೀಟ್ ತೆಗೆದು ಡಿಶ್ ತೊಳೆದಿಡುತ್ತೀರಿ. ಸತುವಿನ ಲೇಪನವಾದರೋ ಒಂದು ಮಿಲಿಮೀಟರಿನ ಕೆಲವೇ ನೂರನೇ ಭಾಗದಷ್ಟು ದಪ್ಪ, ಅದನ್ನು ಕಾಯಲು ಆಮ್ಲದಲ್ಲಿ ನಿಲ್ಲುವ ಪೊರೆಯೂ ಇಲ್ಲ. ಅದು ಮುಗಿದ ಮೇಲೆ ಒಳಗಿನ ಕಬ್ಬಿಣದ ಸರದಿ. ಫಾರ್ಮಿಕ್ ಆಮ್ಲವನ್ನೇ ಬೆರೆಸಿಟ್ಟರೆ ಅಲ್ಯುಮಿನಿಯಂ ಪಾತ್ರೆಯೂ ಬಹಳ ಕಾಲ ಬಾಳುವುದಿಲ್ಲ. ಪ್ಲಾಸ್ಟಿಕ್ ಬಕೆಟ್ ಬಳಸಿ, ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಲೋಹದ ಪಾತ್ರೆಯಲ್ಲಿ ಆಮ್ಲವಿಟ್ಟು ಮುಚ್ಚಿದರೆ ಒಳಗೆ ಹೈಡ್ರೋಜನ್ ತುಂಬಿಕೊಳ್ಳುತ್ತದೆ, ಗಾಳಿಯಲ್ಲಿ ಅದು ಶೇಕಡಾ 4ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಂಥ ಪಾತ್ರೆಯ ಹತ್ತಿರ ಬೀಡಿ ಹಚ್ಚುವುದಂತೂ ಕೂಡದು.

ಪ್ರಶ್ನೆ: ಸಾರತೆ ಹೆಚ್ಚಿದಂತೆ ಕ್ರಿಯೆಯ ವೇಗ ಹೆಚ್ಚುತ್ತದೆ ಎಂದು ಕಲಿತಿದ್ದೇವೆ. ಆದರೆ ಹೆದ್ದಾರಿಯಲ್ಲಿ ಹೋಗುವ ಟ್ಯಾಂಕರುಗಳು ಸಾರಯುಕ್ತ ಸಲ್ಫ್ಯೂರಿಕ್ ಆಮ್ಲವನ್ನು ಉಕ್ಕಿನ ಟ್ಯಾಂಕಿನಲ್ಲಿಯೇ ಸಾಗಿಸುತ್ತವೆಯಂತೆ. ಟ್ಯಾಂಕು ಕರಗುವುದಿಲ್ಲವೇ?
— ಬಿ.ಎಸ್ಸಿ. ವಿದ್ಯಾರ್ಥಿ, ಸುರತ್ಕಲ್

ಉತ್ತರ: ಶೇಕಡಾ 98ರ ಸಲ್ಫ್ಯೂರಿಕ್ ಆಮ್ಲದಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಸಾರರಿಕ್ತ ಆಮ್ಲದಲ್ಲಿ ಇರುವಂತೆ ನೀರಿನೊಡನೆ ಸೇರಿ ಓಡಾಡುವ ಹೈಡ್ರೋಜನ್ ಅಯಾನುಗಳು ಅದರಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಬ್ಬಿಣದಿಂದ ಹುಟ್ಟುವ ಸಲ್ಫೇಟ್ ಸಾರರಿಕ್ತ ಆಮ್ಲದಲ್ಲಿ ಕರಗಿಹೋದರೆ, ಸಾರಯುಕ್ತ ಆಮ್ಲದಲ್ಲಿ ಕರಗದೆ ಉಕ್ಕಿನ ಮೈಗೇ ಅಂಟಿಕೊಂಡು ತಡೆಯಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣದ ಕ್ಲೋರೈಡ್ ಸುಲಭವಾಗಿ ಕರಗುವುದರಿಂದ ಅಂಥ ತಡೆಯಿಲ್ಲ. ಅದನ್ನು ಸಾಗಿಸುವ ಉಕ್ಕಿನ ಟ್ಯಾಂಕಿಗೆ ಒಳಗಡೆ ರಬ್ಬರಿನ ಹೊದಿಕೆ ಬೇಕೇ ಬೇಕು.

ಸಲ್ಫೇಟಿನ ಈ ಪದರ ಮೆದು. ಕೊಳವೆಯಲ್ಲಿ ಆಮ್ಲ ರಭಸದಿಂದ ಹರಿದರೆ ಅದು ಕೊಚ್ಚಿಹೋಗುತ್ತದೆ, ಆದ್ದರಿಂದ ಹರಿವಿನ ವೇಗಕ್ಕೆ ಮಿತಿ ಹಾಕುತ್ತಾರೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ಅಪಾಯವೂ ಇದೆ: ಸಲ್ಫ್ಯೂರಿಕ್ ಆಮ್ಲ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವದ ಗಾಳಿ ಒಳನುಗ್ಗುವ ಟ್ಯಾಂಕಿನಲ್ಲಿ ಆಮ್ಲದ ಮೇಲ್ಪದರ ಮಾತ್ರ ತೆಳುವಾಗಿ, ದ್ರವದ ಮಟ್ಟ ಗೋಡೆಯನ್ನು ಮುಟ್ಟುವಲ್ಲಿ ಉಕ್ಕನ್ನು ಕೊರೆಯತೊಡಗುತ್ತದೆ. ಸಾರಯುಕ್ತ ನೈಟ್ರಿಕ್ ಆಮ್ಲದಲ್ಲಿ ಅದ್ದಿದ ಕಬ್ಬಿಣವೂ ಕ್ರಿಯೆ ನಿಲ್ಲಿಸಿ ಸುಮ್ಮನಾಗುತ್ತದೆ. ಅದನ್ನು ರಸಾಯನಶಾಸ್ತ್ರಜ್ಞ ಜೇಮ್ಸ್ ಕೇರ್ 1790ರಲ್ಲಿ ವರದಿ ಮಾಡಿದ್ದ, 1836ರಲ್ಲಿ ವಿಜ್ಞಾನಿಗಳಾದ ಶೋನ್‌ಬೈನ್ ಮತ್ತು ಫ್ಯಾರಡೆ ಅದರ ಬಗ್ಗೆ ಪತ್ರ ಬರೆದುಕೊಂಡು ಚರ್ಚಿಸಿದ್ದರು. ಅಲ್ಲಿ ಕಾವಲು ನಿಲ್ಲುವುದು ಸಲ್ಫೇಟ್ ಅಲ್ಲ, ಆಕ್ಸೈಡಿನ ಪೊರೆ.

ಪ್ರಶ್ನೆ: ತಾಮ್ರದ ಕೊಡವನ್ನು ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದರೆ ಕ್ಷಣದಲ್ಲಿ ಹೊಳೆಯುತ್ತದೆ. ಕೊಡ ಸವೆಯುತ್ತದೆಯೇ? ಕಲಾಯಿ ಹೋದ ಪಾತ್ರೆಯಲ್ಲಿ ಸಾರು ಮಾಡಬೇಡ ಎಂದು ಅತ್ತೆಯವರು ಹೇಳುತ್ತಿದ್ದರು.
— ಗೃಹಿಣಿ, ಉಡುಪಿ

ಉತ್ತರ: ತಾಮ್ರ ಹುಳಿಯೊಳಗಿನ ಹೈಡ್ರೋಜನನ್ನು ಹೊರದೂಡಲಾರದು, ಆದ್ದರಿಂದ ಗುಳ್ಳೆ ಬರುವುದಿಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ ಕರಗಿಸುವುದು ಕೊಡದ ಮೇಲಿನ ಕಪ್ಪು ಆಕ್ಸೈಡನ್ನು. ಪದರ ಬಹಳ ತೆಳುವಾಗಿರುವುದರಿಂದ ಅಷ್ಟು ಬೇಗ ಹೊಳಪು ಬರುತ್ತದೆ. ಆದರೆ ಹುಳಿಯನ್ನು ಬಳಿದು ಹಾಗೆಯೇ ಬಿಟ್ಟರೆ ಗಾಳಿಯ ಆಮ್ಲಜನಕ ಸೇರಿಕೊಂಡು ತಾಮ್ರವೂ ಮೆಲ್ಲನೆ ಕರಗತೊಡಗುತ್ತದೆ, ಉಪ್ಪು ಅದಕ್ಕೆ ನೆರವಾಗುತ್ತದೆ. ಹಸಿರು ಕಿಲುಬು ಕಾಣಿಸಿಕೊಳ್ಳುವುದು ಹೀಗೆ. ತಿಕ್ಕಿದ ಕೂಡಲೇ ತೊಳೆದು ಒರೆಸಿ. ಅತ್ತೆಯವರ ಮಾತು ಅಕ್ಷರಶಃ ಸರಿ: ಹುಳಿ, ಉಪ್ಪು, ಬಿಸಿ, ಗಾಳಿ ನಾಲ್ಕೂ ಸೇರಿದ ಸಾರಿಗೆ ತಾಮ್ರ ಇಳಿದರೆ ವಾಕರಿಕೆ, ವಾಂತಿ ಬರಬಹುದು. ಕಲಾಯಿಯ ತವರ ಕ್ರಿಯಾಶೀಲತೆಯ ಸರಣಿಯಲ್ಲಿ ತಾಮ್ರಕ್ಕಿಂತ ಮುಂದಿದ್ದರೂ ಅದರ ಮೇಲೆ ಹೈಡ್ರೋಜನ್ ಅನಿಲವಾಗಿ ಹೊರಡುವುದು ಸತುವಿನ ಮೇಲಿನಂತೆಯೇ ಕಷ್ಟ, ಹಾಗಾಗಿ ಹುಳಿಗೆ ತಾಳಿಕೊಳ್ಳುತ್ತದೆ.

ಪ್ರಶ್ನೆ: ವಿನೆಗರಿನಲ್ಲಿ ಮೆಗ್ನೀಷಿಯಂ ನಿಧಾನವಾಗಿ ಕರಗುತ್ತದೆ. ಹಾಗಾದರೆ ಅದರಿಂದ ಬರುವ ಹೈಡ್ರೋಜನ್ ಕೂಡ ಕಡಿಮೆಯೇ?
— ಒಂಬತ್ತನೆಯ ತರಗತಿ ವಿದ್ಯಾರ್ಥಿ, ಮಲ್ಪೆ

ಉತ್ತರ: ಇಲ್ಲ. ಒಂದೇ ತೂಕದ ಸತುವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದರೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೂ ಹೊರಡುವ ‘ಉರಿಯುವ ಗಾಳಿ’ (ಹೈಡ್ರೋಜನ್) ಅಷ್ಟೇ ಇರುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ 1766ರಲ್ಲಿ ಅಳೆದು ತೋರಿಸಿದ. ಲೋಹ ಪೂರ್ತಿ ಕರಗುವಷ್ಟು ಆಮ್ಲವಿದ್ದರೆ ಅನಿಲದ ಮೊತ್ತವನ್ನು ನಿರ್ಧರಿಸುವುದು ಲೋಹದ ತೂಕ; ಆಮ್ಲದ ಬಗೆ ನಿರ್ಧರಿಸುವುದು ಅದು ಬರುವ ವೇಗವನ್ನು ಮಾತ್ರ.

ವಿನೆಗರಿನ ಅಸಿಟಿಕ್ ಆಮ್ಲ ದುರ್ಬಲ ಆಮ್ಲ. ಲೀಟರಿಗೆ ಒಂದು ಮೋಲ್ ಇರುವಾಗ ಅದರ ಸಾವಿರ ಅಣುಗಳಲ್ಲಿ ನಾಲ್ಕು ಮಾತ್ರ ಒಡೆದು ಹೈಡ್ರೋಜನ್ ಅಯಾನು ಕೊಟ್ಟಿರುತ್ತವೆ. ಹಾಗೆಂದು ಮೆಗ್ನೀಷಿಯಂ ಇನ್ನೂರೈವತ್ತು ಪಟ್ಟು ನಿಧಾನವಾಗಿಯೇನೂ ಕರಗುವುದಿಲ್ಲ, ಏಕೆಂದರೆ ಒಡೆಯದೆ ಉಳಿದ ಅಣುಗಳೂ ಲೋಹದ ಬಳಿಗೆ ಬಂದು ಅಲ್ಲಿ ಒಡೆಯುತ್ತವೆ. 0.1 ಗ್ರಾಂನ ಎರಡು ಪಟ್ಟಿಗಳನ್ನು ಚೆನ್ನಾಗಿ ಉಜ್ಜಿ, ಶಿಕ್ಷಕರ ಎದುರಿನಲ್ಲಿ ಒಂದನ್ನು ಸಾಕಷ್ಟು ವಿನೆಗರಿಗೂ ಇನ್ನೊಂದನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಹಾಕಿ, ಬರುವ ಅನಿಲವನ್ನು ನೀರು ತುಂಬಿ ಬೋರಲು ಹಾಕಿದ ಎರಡು ಅಳತೆ ಜಾಡಿಗಳಲ್ಲಿ ಸಂಗ್ರಹಿಸಿ. ಒಂದು ಜಾಡಿ ಬೇಗ ತುಂಬುತ್ತದೆ, ಇನ್ನೊಂದು ತಡವಾಗಿ. 30 ಡಿಗ್ರಿ ತಾಪದಲ್ಲಿ ಎರಡೂ ಕೊನೆಗೆ ನಿಲ್ಲುವುದು 107 ಮಿಲಿಲೀಟರಿನ ಸಮೀಪ. ಅದರಲ್ಲಿ ಸುಮಾರು 5 ಮಿಲಿಲೀಟರ್ ನೀರಾವಿಯದ್ದು, ಉಳಿದದ್ದು ಹೈಡ್ರೋಜನ್.